ಕೋರ್ ಶಾಪಿನ ಇಂಗ್ಲಿಷ್

ಮರಾಠಿ ನನಗ ಯಾವಾಗ ಬಂತೋ ನೆನಪಿಲ್ಲ.
ಕಾಯಿಪಲ್ಲೆ ಚೀಲದಾಗ ಕೊತಂಬರಿ ಬೀಳತೈತಲ್ಲ,
ಪುಗಸಟ್ಟೆ, ಕೇಳದನ, ಹಂಗ ಬಂತು.
ಉರ್ದು ಬಂದದ್ದು ನಳದ ಪಾಳಿಯ ಜಗಳದಾಗ.
ಇಂಗ್ಲಿಷಿಗೆ ಮಾತ್ರ ರೊಕ್ಕ ಕೊಟ್ಟೆ,
ತಿಂಗಳಿಗೆ ಎಂಟುನೂರು, ತಿಲಕವಾಡಿ, ಎರಡನೇ ಮಾಳಿಗಿ.
ನನ್ನ ಮಗನ ವಾರಿಗಿ ಹುಡುಗೂರ ನಡುವ
ಚಪ್ಪಲಿ ಹೊರಗ ಬಿಟ್ಟು
ನಾಲಿಗೀನೂ ಅಲ್ಲೇ ಬಿಟ್ಟು
ಒಳಗ ಹೋಗತಿದ್ದೆ.

ಇಪ್ಪತ್ತೆರಡು ವರ್ಷ ಆತು ಉದ್ಯಮಬಾಗದಾಗ.
ಉಸುಕಿಗೆ ಅಂಟು ಕಲಸಿ, ಪೆಟ್ಟಿಗ್ಯಾಗ ಬಡಿದು, ಬೇಯಿಸಿ
ಕೋರ್ ಮಾಡತೇನಿ.
ಕೋರ್ ಅಂದ್ರ, ಹ್ಯಾಂಗ ಹೇಳಲಿ,
ಕಬ್ಬಿಣ ಬರಬಾರದ ಜಾಗಾ ಕಾಯೋದು.
ಕಾದ ಕಬ್ಬಿಣ ಸುತ್ತ ಹರಿದು ಗಟ್ಟಿಯಾದ ಮ್ಯಾಲೆ
ಕೋರ್ ಪುಡಿಪುಡಿಯಾಗಿ ಉದುರಿ ಹೋಗತೈತಿ.
ಉಳಿಯೋದು ಪೊಳ್ಳು.
ಆ ಪೊಳ್ಳಿನಾಗ ನೀರು ಹರೀತೈತಿ
ಯಾರದೋ ಪಂಪಿನಾಗ, ಯಾವುದೋ ಊರಾಗ.
ಪೊಳ್ಳು ಮಾಡಿ ಪಗಾರ ತರಾಕಿ ಅಂತ
ನನ್ನ ಗಂಡ ನಗಾಂವ.

ನಮ್ಮ ಮಾತಿನ ಕ್ರಿಯಾಪದ
ಎಲ್ಲಾರೂ ಉಂಡ ಮ್ಯಾಲೆ ಕಡೀಕ ಕೂಡೋ ಅವ್ವನಂಗ.
ಅವರದು ಎರಡನೇ ತುತ್ತಿಗೇ ಬಂದು
ತಾಟಿಗೆ ಕೈ ಹಾಕತೈತಿ.
ಇದೊಂದು ರೂಢಿಯಾಗಾಕ ನನಗ ಒಂದು ಮಳಿಗಾಲ ಬೇಕಾತು.

ಮೂರನೇ ಗೇಟು ಬಿದ್ದಾಗೊಮ್ಮೆ
ಗೂಡ್ಸ್ ಗಾಡಿಯ ಒಂದೊಂದು ಡಬ್ಬಿಗೆ
ಒಂದೊಂದು ಶಬ್ದ ಏರಿಸತಿದ್ದೆ.
ದಿ. ಸ್ಯಾಂಡ್. ಈಸ್. ವೆಟ್.
‘ಈಸ್’ ಬಾಯಿಗೆ ಬರೂದರಾಗ
ಅದರ ಡಬ್ಬಿ ಮುಂದ ಹೋಗಿರತಿತ್ತು.
ಸೈಕಲ್ಲಿನಾಂವ ಒಬ್ಬ ತಿರುಗಿ ನೋಡಿ
“ಬಾಯಿ, ಕಾಯ್ ಝಾಲಂ?” ಅಂದ.
ಏನಿಲ್ಲ ಅಂದೆ, ಮರಾಠಿಯೊಳಗ,
ಒಂದೂ ತಪ್ಪಿಲ್ಲದಂಗ.

ಮಾಲು ಕೊಳ್ಳೋ ಕಂಪನಿಯಾಕಿ ಬಂದ ದಿನ
ಕೊಯ್ದ ಎರಕದ ತುಂಡು ಮೇಜಿನ ಮ್ಯಾಲಿತ್ತು.
ಒಳಗ ಗಾಳಿಗುಳ್ಳೆ, ಸಾಸಿವಿಯಷ್ಟು ಕೆಲವು, ಕಡ್ಲಿಯಷ್ಟು ಕೆಲವು.
ಆಕಿಯ ಇಂಗ್ಲಿಷೂ ಎಲ್ಲೋ ಕಟ್ಟಿಸಿಕೊಂಡು ತಂದದ್ದು,
ನಡನಡುವ ಬಿಚ್ಚತಿತ್ತು.
“ವಾಯ್?” ಅಂದ್ಲು.
ಕುಲಗೋಡ ಸಾಹೇಬ್ರು ಅಂದ್ರು,
“ಆಪರೇಟರ್ ಮಿಸ್ಟೇಕ್.”
ಎಂಟುನೂರು ಕೊಡದನ ತಿಳಿಯೋ ಶಬ್ದ ಅವೆರಡು.

“ನೋ,” ಅಂದೆ.
ಅಷ್ಟ. ಮುಂದ ಏನೂ ಬರಲಿಲ್ಲ.
ಫ್ಯಾನು ತಿರುಗತಿತ್ತು. ಯಾರದೋ ಚಹಾ ಆರತಿತ್ತು.
ನನ್ನ ಖಾಲಿ ಜಾಗಾದಾಗ ತಮ್ಮ ಮಾತು ಸುರಿಯಾಕ
ಸಾಹೇಬ್ರು ಬಾಯಿ ತೆರೆದ್ರು.
ನಾನು ಕೈ ಎತ್ತಿದೆ.
ತಡೀರಿ.
ಇದು ಗಾಳಿಗುಳ್ಳೆ ಅಲ್ಲ,
ನಾ ಇಟ್ಟ ಕೋರು.
ಇಲ್ಲಿ ನಿಮ್ಮ ಕಬ್ಬಿಣ ಬರಬಾರದು.

“ಸ್ಯಾಂಡ್ ವೆಟ್,” ಅಂದೆ.
ಈಸ್ ಮತ್ತ ರೈಲು ಹತ್ತಿ ಹೋತು.
“ಶೆಡ್ ಲೀಕ್. ಜುಲೈ. ಐ ಟೆಲ್. ಆಗಸ್ಟ್. ಐ ಟೆಲ್.
ವಾಟರ್…” ಬೊಗಸಿ ಮ್ಯಾಲೆತ್ತಿ ಬಿಚ್ಚಿದೆ,
“ಗ್ಯಾಸ್. ಗ್ಯಾಸ್ ಗೋ ವೇರ್?”
ಆಕಿ ತುಂಡಿನ ತೂತಿಗೆ ಕಿರುಬೆರಳು ಇಟ್ಟು ನೋಡಿದ್ಲು.
“ಹಿಯರ್.”
“ಹಿಯರ್,” ಅಂದೆ ನಾನೂ.
ಆಕಿ ಬರಕೊಂಡ್ಲು. ನನ್ನ ಹೆಸರೂ ಕೇಳಿ ಬರಕೊಂಡ್ಲು,
ಮೂರು ಸಲ ಕೇಳಿ, ಮೂರು ಸಲಾನೂ ತಪ್ಪು ಅಂದು.

ದಸರಾ ಮುಂದ ಶೆಡ್ಡಿಗೆ ಹೊಸ ತಗಡು ಬಂತು.
ಸಾಹೇಬ್ರು ಎರಡು ವಾರ
ನನ್ನ ಜೋಡಿ ಮಾತಾಡಲಿಲ್ಲ,
ಯಾವ ಭಾಷ್ಯಾಗೂ.

ಕ್ಲಾಸಿನಾಗ ಹುಡುಗ ಮಾಸ್ತರ ಇನ್ನೂ ತಿದ್ದತಾನ,
“ಐ ಟೋಲ್ಡ್ ಅನ್ನರಿ, ತಂಗೆವ್ವಾರ.
ಆಗಿ ಹೋದದ್ದಕ್ಕ ಟೋಲ್ಡ್.”
ಬರಕೋತೇನಿ. ಅವಂದು ಖರೇನ ಐತಿ.
ಆದ್ರ ನಾ ಹೇಳೂದು
ಇನ್ನೂ ಎಲ್ಲಿ ಆಗಿ ಹೋಗೇತೋ, ತಮ್ಮಾ.
ಐ ಟೆಲ್.